ಕಲ್ಲಿಗೆ ಬರೆದುಕೊಟ್ಟ ಕಸುಬು

ಅವಲಪಲ್ಲಿ
ಭಾನುವಾರ, 12 ಫೆಬ್ರವರಿ 2006

ಆವುಲಪ್ಪ,

ಇವತ್ತು ಬೆಳಿಗ್ಗೆ ನಮ್ಮ ಸಂಘದ ಹೊಸ ಕಟ್ಟಡದಲ್ಲಿ ಸ್ಥಾಪಕರ ಹೆಸರಿನ ಕಲ್ಲು ನಿಲ್ಲಿಸಿದೆವು. ನೀನು ತೀರಿಕೊಂಡು ಮೂರು ವರ್ಷವಾಯಿತು, ಆದರೂ ನಿನ್ನ ಹೆಸರಿದೆ. ಹೆಸರಿನ ಮುಂದೆ ಕಸುಬನ್ನೂ ಕೆತ್ತಿಸಿದ್ದೇವೆ. ಭೈರೇಶ್ ಲೇತ್ ಆಪರೇಟರ್, ಕೋಮಲಾ ನರ್ಸ್, ನಾನು ಶಿಕ್ಷಕ.

ಮಂಡ್ಯ ಕಡೆಯಿಂದ ಬಂದಿದ್ದ ಆ ಕಾರ್ಖಾನೆ ಕೆಲಸಗಾರ ಸತ್ತ ದಿನ ನೆನಪಿದೆಯಾ? ಹೆಗಲು ಕೊಡಲು ಅವನವರು ಯಾರೂ ಇರಲಿಲ್ಲ. ಸುಡುಗಾಡಿನಲ್ಲಿ ನಿಂತಿದ್ದವರು ನಾವು ಮೂವರು ಮಾತ್ರ. ಗುಂಡಿ ತೋಡಿ ಮೇಲೆ ಬಂದ ನೀನು, "ಇನ್ಮ್ಯಾಕೆ ಯಾರೂ ಹಿಂಗೆ ಒಂಟಿಯಾಗಿ ಹೋಗ್ಬಾರ್ದು ಮೇಷ್ಟ್ರೇ" ಅಂದೆ. ಸಂಘ ಹುಟ್ಟಿದ್ದು ಆ ಮಾತಿನಿಂದ.

ಕಲ್ಲಿಗೆ ಒಕ್ಕಣೆ ಬರೆದುಕೊಟ್ಟವನು ನಾನೇ. ಉದ್ಘಾಟನೆಗೆ ದೊಡ್ಡ ದೊಡ್ಡವರು ಬರುತ್ತಾರಲ್ಲ ಎಂದುಕೊಂಡೇ ಬರೆದೆ.

ಎಲ್ಲರೂ ಹೋದ ಮೇಲೆ ನಿನ್ನ ಹೆಂಡತಿ ಮುನಿವೆಂಕಟಮ್ಮ ಕಲ್ಲಿನ ಹತ್ತಿರ ಬಂದರು. ಅವರಿಗೆ ಓದು ಬಾರದಲ್ಲ. "ನಮ್ಮೋರ್ ಕೆಲ್ಸ ಏನಂತ ಬರ್ಸಿದೀರಾ?" ಎಂದು ಕೇಳಿದರು. ನಿನ್ನ ಸಾಲಿನ ಮೇಲೆ ಬೆರಳಿಟ್ಟು, "ಗುಂಡಿ ತೋಡೋರು" ಎಂದು ಓದಿದೆ.

"ಮುಚ್ಚಿಡ್ದೆ ಬರ್ಸಿದ್ರಲ್ಲ, ಅಷ್ಟು ಸಾಕು. ಅವ್ರೂ ಯಾವತ್ತೂ ಮುಚ್ಚಿಟ್ಟೋರಲ್ಲ" ಎಂದರು.

ಆಮೇಲೆ, ನಾನು ತೋರಿಸಿದ ಪದದ ಮೇಲೆ ಕೂತಿದ್ದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿದರು. ನಾನು ಬರೆದುಕೊಟ್ಟಿದ್ದ ಅಕ್ಷರಗಳು ಇನ್ನೂ ಚೆನ್ನಾಗಿ ಕಾಣಿಸಿದವು.

"ಕೃಷಿಕ."