ಗೋಡಿ ಮ್ಯಾಲಿನ ಕೂಸು

ದುರ್ಗದಬೈಲ್, ಹುಬ್ಬಳ್ಳಿ
ತಾ. ೨೮ ಅಕ್ಟೋಬರ ೧೯೩೮

ನನ್ನ ಸೌಭಾಗ್ಯವತಿ ಶರಣವ್ವಾ,

ಆರಾಮ ಅದೀಯೇನು? ಕಾಲಿನ ಬಾವು ಇಳೀತೇನು? ತವರುಮನ್ಯಾಗ ನಿನಗ ಏನೂ ಕಡಿಮಿ ಮಾಡೂದಿಲ್ಲ ಅಂತ ಗೊತ್ತೈತಿ. ಆದ್ರೂ ತಿಂಗಳು ತುಂಬಿದಾಕಿ, ಸುಮ್ಮ ಕುಂಡ್ರಾಕಿ ಅಲ್ಲ ನೀನು, ಅದಕ್ಕ ಕೇಳತೇನಿ. ಕೊಡ ಎತ್ತಬ್ಯಾಡ. ಇಲ್ಲಿ ನಾ ಛಲೋ ಅದೇನಿ. ಖಾನಾವಳಿಯವನ ರೊಟ್ಟಿ ಮಾತ್ರ ಚಪ್ಪಲಿ ಹಂಗ ಇರತಾವ, ದಿನಾ ನಿನ್ನ ಕೈರೊಟ್ಟಿ ನೆನಪಾಗತೈತಿ.

ಬೋರ್ಡ್ ಬರಕೊಂಡಿದ್ದವ ಈಗ ಚೂರು ಹಚ್ಚೂ ಕೆಲಸ ಕಲಿಯಾಕತ್ತೇನಿ ಅಂತ ಹೇಳಿದ್ದೆ. ಹತ್ತಿ ವ್ಯಾಪಾರಸ್ಥರು ಕಟ್ಟಿಸಿದ ಹೊಸ ಧರ್ಮಶಾಲಿ ಗೋಡಿ ತುಂಬ ಬಣ್ಣದ ಗಾಜು, ಪಿಂಗಾಣಿ ಚೂರಿನ ಚಿತ್ರ. ಮೊಸಾಯಿಕ್ ಅಂತಾರ. ಮುಂಬೈಯಾಗ ಕಲತು ಬಂದ ಕರೀಮಸಾಬ ಉಸ್ತಾದರು ಕಲಿಸಾಕತ್ತಾರ. ಇದರಾಗ ಎಲ್ಲಾ ಉಲ್ಟಾ ನೋಡು. ಚೂರಿನ ಮಾರಿ ಕೆಳಗ ಮಾಡಿ ಕಾಗದಕ್ಕ ಅಂಟಸೂದು, ಆ ಹಾಳಿ ಒಯ್ದು ಗೋಡಿಯ ಹಸಿ ಗಿಲಾವಿಗೆ ಒತ್ತೂದು, ಆಮ್ಯಾಲ ನೀರು ಹಚ್ಚಿ ಕಾಗದ ಸುಲಿಯೂದು. ಚಿತ್ರ ಕಾಣೂದು ಆಗಷ್ಟ. ಅಲ್ಲೀತನಕಾ ಏನು ಮಾಡೇನಿ ಅಂತ ಮಾಡಿದವಗೂ ಗೊತ್ತಾಗೂದಿಲ್ಲ.

ಗೋಡಿ ಚಿತ್ರದ ನಡುವಿನ ಹೆಣ್ಣಮಗಳನ್ನ ಬರಿಯಾಕ ನನಗ ಬಿಟ್ಟರು. ನಿನ್ನ ಬಿಟ್ಟು ಯಾರನ್ನ ಬರೀಲಿ? ನಿನ್ನ ಮೂಗು, ನಿನ್ನ ಗದ್ದ, ಬಗಲಾಗ ಒಂದು ಕೂಸು. ಸಿಟ್ಟಾಗಬ್ಯಾಡ. ಖರೇ ಹೇಳತೇನಿ, ಕಾಗದ ಸುಲಿದ ಕೂಡಲೇ ನಾ ಎರಡು ಹೆಜ್ಜಿ ಹಿಂದ ಸರದೆ. ನೀನೇನೋ ನೆಟ್ಟಗ ನಿಂತಿದ್ದಿ. ಕೂಸು ಮಾತ್ರ ತೆಲಿಕೆಳಗಾಗಿ ಜೋತು ಬಿದ್ದಿತ್ತು.

ಕೂಸಿನ ಹಾಳಿ ಬ್ಯಾರೇನ ಇತ್ತು. ಅದರ ಹಿಂದ ಬಾಣದ ಗುರುತು ಹಾಕಿದಾಂವ ನಾನ, ಬಾಣ ಮ್ಯಾಲ ಮಾಡೇ ಒತ್ತಿದ್ದೆ. ಉಸ್ತಾದರು ಬೈದು ಕೆತ್ತಿಸಿದ್ರು. ಮತ್ತೊಮ್ಮೆ ತಾವ ಮುಂದ ನಿಂತು ಒತ್ತಿಸಿದ್ರು. ಸುಲಿದು ನೋಡಿದ್ರ ಮತ್ತ ಹಂಗ. ಕೆಲಸದವರು ನನ್ನ ಕಡೆ ಒಂಥರಾ ನೋಡಾಕತ್ತಾರ. ಗೋಡಿಪೂಜಿ ದಿವಸ ಕಾಯಿ ಒಡದಾಂವ ನಾನು. ಹೆಂಡ್ತಿ ಬಸುರಿದ್ದಾಗ ಗಂಡ ಕಾಯಿ ಒಡೀಬಾರದು ಅಂತ ನಿಮ್ಮವ್ವ ಹೇಳಿ ಹೇಳಿ ಕಳಿಸಿದ್ಲು. ಎಲ್ಲಾರ ಮುಂದ ಒಲ್ಲೆ ಅನ್ನಾಕ ನಾಚಿಕಿ ಆತು. ಅಂಜಿಕಿ ಹೊಕ್ಕೈತಿ ಶರಣೂ, ಸುಳ್ಳ ಯಾಕ ಹೇಳಲಿ.

ಚೂರು ಆರಿಸಿ ಕೊಡೂ ಲಾಲಬಿ ಮಾತ್ರ ನಕ್ಕಳು. ಆಕಿ ಉಸ್ತಾದರ ತಾಯಿ. ತಮ್ಮ ಓಣ್ಯಾಗಿನ ಹೆರಿಗಿ, ಬಾಣಂತನ ಎಲ್ಲಾ ಆಕೀನ ಮಾಡಿದಾಕಿ. "ಅಂಜಬ್ಯಾಡಪಾ, ಹೊಟ್ಟ್ಯಾಗಿನ ಕೂಸು ತೆಲಿ ಕೆಳಗ ಮಾಡೇ ಇರಬೇಕು, ಅಂದ್ರನ ಸುಸೂತ್ರ ಹೊರಗ ಬರತೈತಿ. ಇರಲಿ ಬಿಡು," ಅಂದ್ಲು. ಆ ಮಾತಿಗೆ ಒಂದೀಟು ಧೈರ್ಯ ಬಂತು. ಉಸ್ತಾದರೂ ಬ್ಯಾಸತ್ತು, ಉಳಿದ ಗೋಡಿ ಮುಗಿಯೂತನಕಾ ಹಂಗ ಇರಲಿ ಅಂದಾರ. ಗಿಲಾವು ಒಣಗಿ ಕಲ್ಲಾಗೈತಿ.

ಅತ್ತಿ, ಮಾವ ಇಬ್ಬರಿಗೂ ನನ್ನ ನಮಸ್ಕಾರ ಮುಟ್ಟಿಸು. ನಿನ್ನ, ನಿನ್ನ ಹೊಟ್ಟ್ಯಾಗಿನದನ್ನ ಆ ಶಿವ ಕಾಯಲಿ.

ನಿನ್ನಾಂವ,
ಸಿದ್ದಲಿಂಗಪ್ಪ

ತಾ.ಕ.: ಪತ್ರ ಮಡಚಿಟ್ಟು ಮುಂಜಾನೆ ಕೆಲಸಕ್ಕ ಹೋದೆ. ಗೋಡಿ ಮ್ಯಾಲಿನ ಕೂಸು ನೆಟ್ಟಗ ಕುಂತೈತಿ. ತೆಲಿ ಮ್ಯಾಲ, ಕಾಲು ಕೆಳಗ. ಒಂದು ಬಿರುಕಿಲ್ಲ, ಎಲ್ಲೂ ಹಸಿ ಇಲ್ಲ. ನಾ ಮುಟ್ಟಿಲ್ಲ. ಉಸ್ತಾದರು ಶಾಬಾಸ್ ಅಂತ ಬೆನ್ನು ಚಪ್ಪರಿಸಿದ್ರು, ಎಲ್ಲಾರೂ ನಕ್ಕರು. ಲಾಲಬಿ ನಗಲಿಲ್ಲ. ಚೂರಿನ ಬುಟ್ಟಿ ಕೆಳಗಿಟ್ಟು, "ಇದು ಯಾವಾಗ ತಿರುಗೇತಿ?" ಅಂತ ಕೇಳಿದ್ಲು. ಶೇಂಗಾ ಮಾರಾಕ ಬಂದ ನಿಮ್ಮೂರು ಅಮ್ಮಿನಬಾವಿಯ ಗುಡ್ಡಪ್ಪನ ಕೈಯಾಗ ಇದನ್ನ ಕೊಡಾಕತ್ತೇನಿ. ಬ್ಯಾನಿ ಬರೂ ಹಾದಿ ನೋಡಬ್ಯಾಡ, ಸೂಲಗಿತ್ತಿ ಹನುಮವ್ವನ ಮಾತು ಕೇಳಿ ಕುಂಡ್ರಬ್ಯಾಡ. ಅವ್ವನ್ನ ಕರಕೊಂಡು ಗುಡ್ಡಪ್ಪನ ಚಕ್ಕಡ್ಯಾಗ ಈಗಿಂದೀಗ ಧಾರವಾಡದ ದೊಡ್ಡ ದವಾಖಾನಿಗೆ ಹೋಗು. ನಾ ಬಾಗಲದಾಗ ನಿಂತಿರತೇನಿ.