ನೀಲುವಿನ ಕೊರಳ ದಾರ

ಯಡಿಯೂರು, ಬೆಂಗಳೂರು
ಶುಕ್ರವಾರ, 21 ನವೆಂಬರ್ 2025, ಮಧ್ಯಾಹ್ನ

ಪ್ರೀತಿಯ ಗಿರಿಜಾ,

ಶರಣು. ನಿನ್ನ ಮಂಡಿ ಹೇಗಿದೆ? ಅಕ್ಕನವರ ಸೊಂಟದ ಆಪರೇಷನ್ನಿನ ಹೊಲಿಗೆ ಬಿಚ್ಚಿದರೆಂದು ಕೈಲಾಸ್ ಹೇಳಿದ, ಸಮಾಧಾನವಾಯಿತು. ಅವರನ್ನು ಎಬ್ಬಿಸಿ ಕೂರಿಸುವ ಭರದಲ್ಲಿ ನೀನು ಕಾಲು ಕೆಡಿಸಿಕೊಳ್ಳಬೇಡ. ರಾಣೆಬೆನ್ನೂರಿನಲ್ಲಿ ಚಳಿ ಶುರುವಾಗಿರುತ್ತದೆ, ಬೆಳಗಿನ ಹೊತ್ತು ಕಿವಿಗೆ ಬಟ್ಟೆ ಕಟ್ಟಿಕೊ. ಕಿವಿಯ ಮಿಷನ್ನಿನ ಬ್ಯಾಟರಿ ನಿನ್ನ ನೀಲಿ ಚೀಲದ ಒಳಜೇಬಿನಲ್ಲಿದೆ, ಇಲ್ಲೇ ಬಿಟ್ಟೆ ಎಂದು ಹುಡುಕಾಡಬೇಡ. ನನ್ನ ಬಿಪಿ ಮಾತ್ರೆ ತಪ್ಪಿಲ್ಲ. ಊಟ ಸರಿಯಾಗಿ ಆಗುತ್ತಿದೆ ಎಂದು ಬರೆದರೆ ಎರಡು ದಿನದಿಂದ ಸುಳ್ಳಾಗುತ್ತದೆ, ಅದಕ್ಕೇ ಈ ಕಾಗದ.

ಫೋನ್ ಇರುವಾಗ ಕಾಗದ ಯಾಕೆ ಅಂತೀಯ. ನಿನ್ನ ಹತ್ತಿರ ಫೋನಿನಲ್ಲಿ ಮಾತಾಡಿದರೆ ಸ್ಪೀಕರಿನಲ್ಲಿ ಆ ಓಣಿಗೆಲ್ಲ ಕೇಳಿಸುತ್ತದೆ. ನಿನಗೆ ಕೇಳಲಿ ಎಂದು ನಾನು ಕಿರುಚಿದರೆ ಇಲ್ಲಿ ಮಗ ಸೊಸೆಗೆ ಕೇಳಿಸುತ್ತದೆ. ಈ ವಿಷಯ ಹಾಗೆ ಕಿರುಚಿ ಹೇಳುವಂಥದ್ದಲ್ಲ. ಮೊದಲೇ ಒಂದು ಮಾತು ಬರೆದುಬಿಡುತ್ತೇನೆ: ನೀಲು ಚೆನ್ನಾಗಿದ್ದಾಳೆ. ನಾನು ಬರೆಯುತ್ತಿರುವ ಈ ಹೊತ್ತಿನಲ್ಲಿ ಎದುರಿನ ಕೋಣೆಯಲ್ಲಿ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಾಳೆ. ಶಿಲ್ಪಶ್ರೀ ಬ್ಯಾಂಕಿಗೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಾಳೆ, ಎರಡು ನಿಮಿಷಕ್ಕೊಮ್ಮೆ ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಾಳೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು.

ನೀನು ಅಕ್ಕನ ಆರೈಕೆಗೆ ಹೊರಟ ಮೇಲೆ ಮಗುವನ್ನು ಡೇಕೇರಿಗೆ ಸೇರಿಸದೆ ಬೇರೆ ದಾರಿ ಇರಲಿಲ್ಲ. ಸೊಸೆಯ ಹೆರಿಗೆ ರಜೆ ಮುಗಿದಿತ್ತು, ಕೈಲಾಸ್ ಔಷಧಿ ಕಂಪನಿಯ ಬ್ಯಾಗು ಹೊತ್ತು ಏಳೂವರೆಗೇ ಹೊರಡುತ್ತಾನೆ. ಐದೂವರೆ ತಿಂಗಳ ಕೂಸನ್ನು ದಿನವಿಡೀ ನಾನೊಬ್ಬನೇ ನೋಡಿಕೊಳ್ಳುತ್ತೇನೆ ಅಂದಾಗ ಶಿಲ್ಪಶ್ರೀ ಬೇಡ ಅನ್ನಲಿಲ್ಲ, ಸುಮ್ಮನೆ ಹೋಗಿ ಬನಶಂಕರಿಯ ಶಾಂತಲಾ ಮೇಡಂ ಅವರ ಡೇಕೇರಿನ ಫಾರಂ ತಂದಳು. ಬೆಳಿಗ್ಗೆ ಮಗುವಿಗೆ ಬಟ್ಟೆ ತೊಡಿಸಿ ಆಟೋದಲ್ಲಿ ಬಿಟ್ಟುಬರುವುದು, ಸಂಜೆ ನಾಲ್ಕೂವರೆಗೆ ಕರೆತರುವುದು ನನ್ನ ಪಾಲಿಗೆ ಬಂತು. ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದ್ದು ನಿಜ.

ಅಲ್ಲಿಯ ಕಟ್ಟುನಿಟ್ಟು ನಿನಗೆ ಗೊತ್ತಿಲ್ಲ. ಮಕ್ಕಳನ್ನು ಅಂಗಾತವೇ ಮಲಗಿಸಬೇಕು. ದಿಂಬಿಲ್ಲ, ಹೊದಿಕೆಯಿಲ್ಲ, ತೊಟ್ಟಿಲಲ್ಲಿ ಗೊಂಬೆಯಿಲ್ಲ. ಕೊರಳಲ್ಲಿ ಸೊಂಟದಲ್ಲಿ ಯಾವ ದಾರವೂ ಇರಕೂಡದು. ನೀನು ಹೊಲಿದ ಸಾಸಿವೆ ದಿಂಬನ್ನು ಶಾಂತಲಾ ಮೇಡಂ ಎರಡೂ ಕೈಯಲ್ಲಿ ಹಿಡಿದು, ‘ತುಂಬಾ ಚೆನ್ನಾಗಿ ಹೊಲಿದಿದಾರೆ ಅಂಕಲ್, ಆದ್ರೆ ಇದು ಮನೇಲೇ ಇರ್ಲಿ’ ಎಂದು ಹಿಂದಿರುಗಿಸಿದರು. ಮಗುವಿನ ತಲೆ ಚಪ್ಪಟೆಯಾಗುತ್ತೆ ಮೇಡಂ ಅಂದೆ. ‘ತಲೆ ಆಮೇಲೆ ಗುಂಡಗಾಗುತ್ತೆ ಅಂಕಲ್. ಉಸಿರು ಕಟ್ಟಿದ್ರೆ ಆಮೇಲೆ ಅನ್ನೋದೇ ಇರಲ್ಲ’ ಅಂದರು. ಮಗುವಿನ ಕೊರಳ ಲಿಂಗದ ವಿಷಯಕ್ಕೂ ಹಾಗೇ. ಅಯ್ಯನವರು ಕಟ್ಟಿದ ಲಿಂಗ, ಕೊರಳಿಂದ ತೆಗೆಯುವಂತಿಲ್ಲ ಅಂದೆ. ಅವರು ಕೈಮುಗಿದೇ ಮಾತಾಡಿದರು, ಆದರೆ ಒಪ್ಪಲಿಲ್ಲ. ಕೈಲಾಸನೂ ಶಿಲ್ಪಶ್ರೀಯೂ ಸರಿ ಎಂದರು. ಅವತ್ತಿನಿಂದ ಮಗುವಿನ ಲಿಂಗ ದೇವರ ಗೂಡಿನಲ್ಲಿ ಕೂತಿತು.

ಮಗುವನ್ನು ಕಳಿಸಿದ ಮೇಲೆ ಈ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ ಗಿರಿಜಾ. ಡೇಕೇರಿನ ಕ್ಯಾಮೆರಾ ಶಿಲ್ಪಶ್ರೀಯ ಮೊಬೈಲಿನಲ್ಲಿ ಕಾಣುತ್ತದೆ. ಗಿರಾಕಿಗಳ ನಡುವೆ ಮೊಬೈಲನ್ನು ಡ್ರಾಯರಿನಲ್ಲಿಟ್ಟುಕೊಂಡು ನೋಡುತ್ತಾಳಂತೆ. ಮಗು ಮಲಗಿದ್ದರೆ ಚಿತ್ರ ಕದಲುವುದಿಲ್ಲ. ಮಗು ಕದಲುತ್ತಿಲ್ಲವೋ ನೆಟ್‌ವರ್ಕ್ ನಿಂತಿದೆಯೋ ತಿಳಿಯದೆ ನನಗೆ ಫೋನ್ ಮಾಡುತ್ತಾಳೆ. ‘ಮಾವ, ಫೋಟೋ ಥರ ಕಾಣ್ತಿದೆ, ಒಂದ್ಸಲ ಹೋಗಿ ನೋಡ್ಕೊಂಡ್ ಬರ್ತೀರಾ?’ ನಾನು ಕೆರೆಯ ಪಕ್ಕದಿಂದ ಅರ್ಧ ನಡೆದು ಅರ್ಧ ಓಡಿ ಹೋಗುತ್ತೇನೆ. ಗೇಟಿನಲ್ಲಿ ಆಯಾ ಮುನಿಯಕ್ಕ ನನ್ನನ್ನು ನೋಡಿದ್ದೇ, ‘ಬಂದ್ರಾ ಇನ್ಸ್‌ಪೆಕ್ಟ್ರು? ಉಸ್ರಾಡ್ತಾವ್ಳೆ ನಿಮ್ ರಾಣಿ, ಓಡ್ಬಂದು ಈಗ ನಿಮ್ಗೇ ಉಸ್ರಿಲ್ಲ’ ಎಂದು ನೀರು ಕೊಡುತ್ತಾಳೆ. ವಸಂತಪುರದ ಹಳೇ ಊರಿನವಳು, ಐವತ್ತು ದಾಟಿರಬಹುದು. ಹತ್ತು ನಿಮಿಷಕ್ಕೊಮ್ಮೆ ಆರು ತೊಟ್ಟಿಲನ್ನೂ ಸುತ್ತಿ ಪ್ರತಿ ಮಗುವಿನ ಮೂಗಿನ ಹತ್ತಿರ ಹಿಂಗೈ ಇಟ್ಟು, ಗೋಡೆಯ ಹಾಳೆಯಲ್ಲಿ ಗೆರೆ ಎಳೆಯುತ್ತಾಳೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ನಾನು ಮಾಡಿದ್ದನ್ನು ಬರೆಯಬೇಕು. ಹೊರಡುವ ದಿನ ರೈಲಿನ ಕಿಟಕಿಯಿಂದ ನೀನು ಹೇಳಿದ್ದು ಒಂದೇ ಮಾತು: ‘ಎಲ್ಲಾ ನೀವ್ ನೋಡ್ಕೊಂತೀರಿ, ನಂಗೊತ್ತೈತಿ. ಕೂಸಿನ ಕೊಳ್ಳಾಗಿನ ಲಿಂಗ ಮಾತ್ರ ತೆಗೀಬ್ಯಾಡ್ರಿ.’ ನಾನು ಆಯಿತು ಎಂದಿದ್ದೆ. ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಗೂಡಿನಲ್ಲಿದ್ದ ಆ ಪುಟ್ಟ ಗಂಟು ಕಣ್ಣಿಗೆ ಬೀಳುತ್ತಿತ್ತು. ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ನಲವತ್ತು ವರ್ಷ ಗುಂಡಿ, ದಾರ, ಲೇಸು ಮಾರಿದವನಿಗೆ ಒಂದು ಲಿಂಗವನ್ನು ಬಚ್ಚಿಡುವುದು ಯಾವ ಲೆಕ್ಕ? ಹದಿನೈದು ದಿನದ ಹಿಂದೆ ಮಗುವಿನ ಎರಡು ಜುಬ್ಬಗಳನ್ನು ತೆಗೆದುಕೊಂಡು, ಎದೆಯ ಒಳಭಾಗಕ್ಕೆ ಚಪ್ಪಟೆಯಾದ ಜೇಬು ಹೊಲಿದೆ. ಲಿಂಗ ಕೊರಳಲ್ಲೇ ಇದ್ದಂತಾಗಲಿ ಎಂದು, ಕತ್ತಿನ ಅಂಚಿನೊಳಗೆ ಲಾಡಿ ಹಾಯಿಸುವ ಹಾಗೆ ದಾರ ಹಾಯಿಸಿ ಜೇಬಿಗೆ ಸೇರಿಸಿದೆ. ಹತ್ತಿಯ ಶಿವದಾರ ಕಿತ್ತು ಲಿಂಗ ಎಲ್ಲಾದರೂ ಬಿದ್ದೀತೆಂಬ ಭಯಕ್ಕೆ, ಮಣಿ ಪೋಣಿಸುವ ನೈಲಾನ್ ದಾರ ಹಾಕಿದೆ. ಆ ದಾರ ಕಿತ್ತುಹೋಯಿತು ಎಂದು ನನ್ನ ಅಂಗಡಿಗೆ ಒಬ್ಬ ಗಿರಾಕಿಯೂ ವಾಪಸು ಬಂದವನಲ್ಲ. ಹೊರಗಿನಿಂದ ಮುಟ್ಟಿದರೂ ತಿಳಿಯದಷ್ಟು ನಾಜೂಕಾಗಿತ್ತು ಹೊಲಿಗೆ. ಮಗುವಿಗೆ ಅದನ್ನು ತೊಡಿಸಿ, ಯಾರಿಗೂ ಹೇಳದೆ, ನಿನಗೆ ಕೊಟ್ಟ ಮಾತು ಉಳಿಯಿತೆಂದು ಆಟೋದಲ್ಲಿ ಒಳಗೊಳಗೇ ನಗುತ್ತಾ ಹೋದೆ. ಆಗ ಮಗು ಇನ್ನೂ ಮಗುಚುತ್ತಿರಲಿಲ್ಲ.

ಮಗುಚಲು ಕಲಿತದ್ದು ಹೋದ ಭಾನುವಾರ. ಬುಧವಾರ ಸಂಜೆ ಕರೆತರಲು ಹೋದಾಗ ಮುನಿಯಕ್ಕ ಗೇಟಿನಲ್ಲಿ ನಗಲಿಲ್ಲ. ಶಾಂತಲಾ ಮೇಡಂ ಆ ದಿನ ಊರಲ್ಲಿರಲಿಲ್ಲ. ಮುನಿಯಕ್ಕ ನನ್ನನ್ನು ಚಪ್ಪಲಿ ಗೂಡಿನ ಕಡೆ ಕರೆದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಲಿಂಗ, ಕತ್ತರಿಸಿದ ದಾರ. ಮಧ್ಯಾಹ್ನದ ನಿದ್ದೆಯಲ್ಲಿ ಮಗು ಬೋರಲಾಗಿದೆ, ಜುಬ್ಬ ಮೇಲೆ ಜರುಗಿದೆ, ಅಂಚಿನಿಂದ ಹೊರಬಂದ ದಾರದೊಳಗೆ ಒಂದು ಕೈ ಸಿಕ್ಕಿಕೊಂಡಿದೆ. ಕೈ ಎಳೆದಷ್ಟೂ ಕೊರಳಿಗೆ ಬಿಗಿದಿದೆ. ಮಗು ಅಳಲಿಲ್ಲವಂತೆ. ಅಳಲು ಆಗಲಿಲ್ಲ ಎಂದು ಅವಳು ಹೇಳಲಿಲ್ಲ, ನನಗೆ ಅರ್ಥವಾಯಿತು. ‘ಕಿತ್ತೆ, ಬರ್ನಿಲ್ಲ. ಹಲ್ಲಾಕ್ದೆ, ಬರ್ನಿಲ್ಲ. ಎಂಥಾ ದಾರ ಅಜ್ಜಾರೇ ಅದು! ಔಷ್ದಿ ಡಬ್ಬದಲ್ಲಿ ಕತ್ರಿ ಇತ್ತು, ಸಿವಾ ಅಂತ ಕತ್ತರಿಸ್ದೆ’ ಅಂದಳು. ಅವಳ ಕೆಳತುಟಿ ಸೀಳಿತ್ತು. ನನ್ನ ಬಾಯಲ್ಲಿ ಬಂದ ಮೊದಲ ಮಾತು, ಮನೆಯಲ್ಲಿ ಹೇಳಬೇಡ ತಾಯಿ ಎಂಬುದು. ಅವಳು ಲಿಂಗವನ್ನೂ ದಾರವನ್ನೂ ನನ್ನ ಅಂಗೈಗೆ ಹಾಕಿ, ‘ನಾನ್ ಹೇಳಕ್ಕಿಲ್ಲ. ನೀವ್ ಹೇಳ್ಬೇಕು’ ಅಂದಳು.

ದಾರಿಯಲ್ಲಿ ಮಗುವನ್ನು ಡಾಕ್ಟರಿಗೆ ತೋರಿಸಿದೆ. ಏನು ಸಿಕ್ಕಿಕೊಂಡಿತ್ತು ಎಂದು ಅವರು ಕೇಳಿದಾಗ ಬಟ್ಟೆ ಅಂದೆ. ಏನೂ ತೊಂದರೆಯಿಲ್ಲ ಎಂದರು. ಮನೆಗೆ ಬಂದು ಜುಬ್ಬ ಬದಲಿಸಿದೆ. ಇನ್ನೊಂದು ಜುಬ್ಬದ ದಾರವನ್ನೂ ಕತ್ತರಿಸಿ ಎಸೆದೆ. ಆದರೆ ಕೊರಳಿನ ಕೆಂಪು ಗೆರೆಯನ್ನು ಏನು ಮಾಡಲಿ? ಶಿಲ್ಪಶ್ರೀ ಬಂದವಳೇ ಮಗುವನ್ನು ಎತ್ತಿಕೊಂಡು, ದೀಪದ ಕೆಳಗೆ ಹಿಡಿದು, ಇದೇನು ಮಾವ ಎಂದಳು. ಗೊತ್ತಾಗಲಿಲ್ಲಮ್ಮ ಎಂದೆ. ಗಿರಿಜಾ, ನಾನು ಹಾಗೆಂದೆ.

ನಿನ್ನೆ ಮಗ ಸೊಸೆ ಇಬ್ಬರೂ ಕೂತು ಕ್ಯಾಮೆರಾದ ರೆಕಾರ್ಡಿಂಗ್ ತೆಗೆಸಿ ನೋಡಿದರು. ಅದರಲ್ಲಿ ಕಾಣುವುದು ಮುನಿಯಕ್ಕನ ಬೆನ್ನು ಮಾತ್ರ. ಅವಳು ಬಗ್ಗುತ್ತಾಳೆ, ಮಗುವಿನ ಕತ್ತಿನ ಹತ್ತಿರ ಏನನ್ನೋ ಜಗ್ಗುತ್ತಾಳೆ, ಬಾಯಿ ಹಾಕುತ್ತಾಳೆ, ಓಡುತ್ತಾಳೆ, ಕತ್ತರಿ ತರುತ್ತಾಳೆ. ಶಿಲ್ಪಶ್ರೀ ಅದನ್ನು ಏಳೆಂಟು ಸಲ ನೋಡಿದಳು. ‘ನನ್ನ ಮಗೂ ಕುತ್ತಿಗೆ ಹತ್ರ ಕತ್ತರಿ ಯಾಕೆ ಹಿಡಿದ್ಲು ಇವ್ಳು?’ ಅಂದಳು. ಶಾಂತಲಾ ಮೇಡಂ ಕೇಳಿದ್ದಕ್ಕೆ ಮುನಿಯಕ್ಕ ಹೇಳಿದ್ದು, ಬಟ್ಟೆಯ ದಾರ ಬಿಟ್ಟಿತ್ತು, ಕತ್ತರಿಸಿದೆ ಎಂದಷ್ಟೇ. ನನಗೆ ಕೊಟ್ಟ ಮಾತಿಗೆ ಅವಳು ಅಂಟಿಕೊಂಡಿದ್ದಾಳೆ. ಅಷ್ಟು ಸಣ್ಣ ಉತ್ತರವನ್ನು ಯಾರೂ ನಂಬುತ್ತಿಲ್ಲ. ನಾಳೆ ಶನಿವಾರ ಹತ್ತು ಗಂಟೆಗೆ ಮೇಡಂ ಇವರಿಬ್ಬರನ್ನೂ ಕರೆದಿದ್ದಾರೆ. ಆಯಾಳನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಕೈಲಾಸ್ ಫೋನಿನಲ್ಲಿ ಕೂಗಿದ. ಮಗುವಿನ ಕೊರಳಿಗೆ ಕತ್ತರಿ ಹಿಡಿದವಳು ಎಂಬ ಹೆಸರು ಹೊತ್ತ ಮೇಲೆ ಅವಳನ್ನು ಯಾವ ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆ? ಮಗುವನ್ನು ಉಳಿಸಿದವಳು ಅವಳು. ನಾನು ಇದೇ ಕುರ್ಚಿಯಲ್ಲಿ ಕೂತು ಪೇಪರ್ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡೆ.

ಎರಡು ಸಲ ಬಾಯಿ ತೆರೆದೆ. ಒಮ್ಮೆ ಶಿಲ್ಪಶ್ರೀ, ‘ಮಾವ, ನೀವಿಲ್ದಿದ್ರೆ ನಂಗೆ ಧೈರ್ಯಾನೇ ಇರ್ತಿರ್ಲಿಲ್ಲ’ ಎಂದು ಕಾಫಿ ಲೋಟ ಕೈಗಿಟ್ಟಳು, ನಾನು ಕಾಫಿ ಕುಡಿದೆ. ಇನ್ನೊಮ್ಮೆ ನೀಲು ಎದ್ದಳು. ಹೇಳಿದರೆ ಇವರು ಮಗುವನ್ನು ಇನ್ನು ನನ್ನ ಕೈಗೆ ಕೊಡುವುದಿಲ್ಲ. ಕೊಡಬಾರದು ಕೂಡ. ಲಿಂಗ ಕಟ್ಟಿದ್ದಕ್ಕೆ ಹೀಗಾಯಿತು ಎಂದು ಮಕ್ಕಳು ಅಂದುಕೊಂಡರೆ ಎಂಬ ಸಂಕಟ ಬೇರೆ. ಲಿಂಗದ್ದೇನೂ ತಪ್ಪಿಲ್ಲ, ನಿನ್ನದೂ ಇಲ್ಲ. ನೀನು ತೆಗೆಯಬೇಡಿ ಅಂದೆ, ಕದ್ದು ಹೊಲಿಯಿರಿ ಅನ್ನಲಿಲ್ಲ. ಏನು ಮಾಡಲಿ ಹೇಳು. ನೀನು ಹೇಗೆ ಹೇಳುತ್ತೀಯೋ ಹಾಗೆ ಮಾಡುತ್ತೇನೆ. ಬೇಗ ಉತ್ತರ ಬರೆ.

ಅಕ್ಕನವರಿಗೆ ನನ್ನ ಶರಣಾರ್ಥಿ ತಿಳಿಸು. ಅವರು ನಡೆಯುವಾಗ ಒಂದು ಕೈ ಗೋಡೆಯ ಮೇಲಿರಲಿ. ನಿನಗೂ ಅವರಿಗೂ ಶಿವ ಒಳ್ಳೆಯ ನಿದ್ದೆ ಕೊಡಲಿ.

ನಿನ್ನ
ಗುರುಬಸಪ್ಪ

ತಾ.ಕ.: ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಕವರಿಗೆ ಗೋಂದು ಹಚ್ಚುವಾಗ ಲೆಕ್ಕ ಹಾಕಿದೆ: ಕಾಗದ ನಿನ್ನ ಕೈ ಸೇರುವುದು ಮಂಗಳವಾರ, ನಿನ್ನ ಉತ್ತರ ಇಲ್ಲಿಗೆ ಬರುವುದು ಶುಕ್ರವಾರ. ಮೀಟಿಂಗ್ ಇರುವುದು ಇವತ್ತು. ಬರಲಾಗದ ಉತ್ತರಕ್ಕೆ ಕಾಯುತ್ತೇನೆ ಎಂದು ಬರೆದಿದ್ದೆ ನಾನು. ಕವರು ಅಲ್ಲೇ ಬಿಟ್ಟು ಎದ್ದುಹೋಗಿ ಇಬ್ಬರಿಗೂ ಹೇಳಿದೆ, ಕತ್ತರಿಸಿದ ದಾರ ಮೇಜಿನ ಮೇಲಿಟ್ಟೆ. ಕೈಲಾಸ್ ಅಂದದ್ದು ಇಷ್ಟು: ‘ಎರಡು ದಿನ ನಮ್ ಮುಖ ನೋಡ್ಕೊಂಡು ಊಟ ಮಾಡಿದ್ರಲ್ಲಪ್ಪ.’ ಶಿಲ್ಪಶ್ರೀ ಮುನಿಯಕ್ಕನಿಗೆ ಫೋನ್ ಹಚ್ಚಿ ‘ಅಕ್ಕಾ’ ಎಂದು ಅಳತೊಡಗಿದಳು. ಆ ಕಡೆಯಿಂದ, ‘ಅಳ್ಬ್ಯಾಡ ಕಣವ್ವಾ, ಮಗಾ ಹಾಲ್ ಕುಡೀತಾ? ಸೋಮ್ವಾರ ಕರ್ಕಂಬಾ’ ಎಂದು ಕೇಳಿಸಿತು. ಆಮೇಲೆ ಶಿಲ್ಪಶ್ರೀ ಮಗುವಿನ ಲಿಂಗವನ್ನು ತೊಳೆದು, ತನ್ನ ಲಿಂಗದ ಜೊತೆ ತನ್ನ ಕೊರಳಿಗೇ ಕಟ್ಟಿಕೊಂಡಳು. ಮಗು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳಲ್ಲಿ ಅಯ್ಯನವರು ಅದನ್ನು ತನಗೇ ಅಲ್ಲವೇ ಕಟ್ಟಿದ್ದು, ಮಗುವಿಗೆ ಬುದ್ಧಿ ಬರುವವರೆಗೆ ಅಲ್ಲೇ ಇರಲಿ ಎಂದಳು. ನಿನ್ನನ್ನು ಕೇಳದೆ ನಾನು ಒಪ್ಪಿಕೊಂಡೆ. ಬೈಯುವುದಿದ್ದರೆ ಸ್ಪೀಕರ್ ಹಾಕಿಕೊಂಡೇ ಬೈ, ಈಗ ಇಲ್ಲಿ ಯಾರಿಂದಲೂ ಮುಚ್ಚಿಡುವುದಿಲ್ಲ. ಹತ್ತು ಗಂಟೆಗೆ ನಾನೂ ಹೋಗುತ್ತಿದ್ದೇನೆ. ಮೇಡಂ ಎದುರು, ಮುನಿಯಕ್ಕನ ಎದುರು ನಾನೇ ಹೇಳಬೇಕು. ಇವತ್ತು ಮಗುವಿಗೆ ಬಟ್ಟೆ ತೊಡಿಸಿದ್ದು ಕೈಲಾಸ್. ಮೂರು ಗುಂಡಿಯಲ್ಲಿ ಒಂದನ್ನು ತಪ್ಪು ಕಾಜಕ್ಕೆ ಹಾಕಿದ್ದಾನೆ, ಅಂಗಿ ಒಂದು ಕಡೆ ಎತ್ತಿಕೊಂಡಿದೆ. ನಾನು ನೋಡಿದೆ, ಕೈ ಹಾಕಲಿಲ್ಲ.