ಮಗಳ ವರದಿಯನ್ನು ಅಪ್ಪನ ಕೈಗೆ ಕೊಟ್ಟವರಿಗೆ

ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ ಕೊಡಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಬಸುರಿ ಮಗಳ ರಕ್ತಪರೀಕ್ಷೆಯ ವರದಿಯನ್ನು ನಿಮ್ಮವರು ನನ್ನ ಕೈಗೆ ಕೊಟ್ಟರು. ಅದು ನಿಮ್ಮ ತಪ್ಪು. ನಾನು ಅದನ್ನು ಓದಿ ಅರ್ಥ ಹೇಳಿದೆ. ಅದು ನನ್ನ ತಪ್ಪು. ಎರಡೂ ಸೇರಿ ಅವಳ ಇಪ್ಪತ್ತೆರಡು ದಿನಗಳನ್ನು ತಿಂದುಹಾಕಿವೆ. 'ಐ ಬೆಗ್ ಟು ಸ್ಟೇಟ್' ಎಂದು ಅರ್ಜಿ ಶುರುಮಾಡಲು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನ ಸಾಲು ಮರೆತುಹೋಗಿದೆ. ಬೇಡಿಕೊಳ್ಳುವ ಮನಸ್ಸೂ ಈಗ ಉಳಿದಿಲ್ಲ. ಮಗಳಿಗೆ ಓದಿ ತೋರಿಸಿ, ಅವಳು ಹ್ಞೂಂ ಎಂದ ಮೇಲೆ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಸೇಡಂನವನು. ವಾಡಿ ಹತ್ತಿರ ಫರಸಿ ಕಲ್ಲಿನ ಲಾರಿಗಳನ್ನು ತೂಗುವ ಕಾಂಟಾದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಹೆಂಡತಿ ಗುರುಲಿಂಗಮ್ಮ ತೀರಿಕೊಂಡು ನಾಲ್ಕು ವರ್ಷ. ಒಬ್ಬಳೇ ಮಗಳು ಶಿವರಂಜನಿಯನ್ನು ಚಿಂಚೋಳಿಗೆ ಕೊಟ್ಟಿದ್ದೇನೆ. ಮೂವತ್ತಾರನೆಯ ವಯಸ್ಸಿಗೆ ಮೊದಲ ಬಸಿರು. ಅವಳ ಅವ್ವ ಇದ್ದಿದ್ದರೆ ಆಸ್ಪತ್ರೆಗೆ ಅವ್ವನೇ ಹೋಗುತ್ತಿದ್ದಳು. ಅಳಿಯ ಕಾಶೀನಾಥ ಮಾಸ್ತರಿಗೆ ಪರೀಕ್ಷೆಯ ದಿನಗಳು. ಹೀಗಾಗಿ ನಾನು ಹೋದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಒಬ್ಬರ ನೌಕರಿ ಕಳೆಯುವುದರಿಂದ ನನಗಾಗಬೇಕಾದ್ದು ಏನೂ ಇಲ್ಲ.

ರಕ್ತ ತೆಗೆಯುವಾಗ "ಕೂಸು ಹೆಂಗದ ನೋಡ್ಲಿಕ್ಕ" ಎಂದಷ್ಟೇ ಹೇಳಿದ್ದರು. ಏನನ್ನು ನೋಡುತ್ತಾರೆ, ಕಂಡರೆ ಮುಂದೇನು, ಬೇಡವೆನ್ನಲು ಬರುತ್ತದೆಯೇ, ಒಂದೂ ಮಾತಿಲ್ಲ. ಹತ್ತು ದಿನ ಬಿಟ್ಟು ವರದಿಗೆ ಹೋದಾಗ ಸಿಸ್ಟರ್ ಕೂಗಿದರು, "ಶಿವರಂಜನಿ ಜೋಡಿ ಯಾರ್ ಬಂದೀರಿ?"

ಮಗಳು ಎದ್ದಳು. "ನಾನೇ ಶಿವರಂಜನಿ ರೀ."

"ನೀ ಕುಂದ್ರವ್ವಾ. ದೊಡ್ಡೋರು ಬರ್ರಿ ಇಲ್ಲಿ. ಇಂಗ್ಲಿಷ್ ಬರ್ತದಿಲ್ರಿ ನಿಮಗ?"

ಬರ್ತದ ಎಂದೆ. ಬಿ.ಎ. ಎರಡನೇ ವರ್ಷದ ತನಕ ಓದಿದವನು, ಇಪ್ಪತ್ತು ಮಂದಿಯ ಎದುರು ಇನ್ನೇನು ಹೇಳಲಿ? ಉದ್ದುದ್ದ ಪದಗಳನ್ನೆಲ್ಲ ಹಾರಿಸಿ ಸೀದಾ ಅಂಕಿಗೆ ಹೋದೆ. ಅಂಕಿ ನನ್ನ ಕಸುಬು. ಮಗಳದು ನೂರಾ ಇಪ್ಪತ್ತಕ್ಕೆ ಒಂದು. ಪಕ್ಕದಲ್ಲಿ ಮಿತಿ: ಇನ್ನೂರಾ ಐವತ್ತಕ್ಕೆ ಒಂದು. ಕಾಂಟಾದಲ್ಲಿ ನಾನು ಕಲಿತ ವಿದ್ಯೆ ಒಂದೇ, ಮಿತಿಗಿಂತ ಕಡಿಮೆ ಇದ್ದರೆ ಲಾರಿ ಬಿಡು, ಹೆಚ್ಚಿದ್ದರೆ ತಡೆ. ಇದು ಅರ್ಧಕ್ಕೂ ಕಡಿಮೆ ಇದೆಯಲ್ಲ! "ಪಾಸ್ ಆಗ್ಯದವ್ವಾ" ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಪೇಡೆ ಕೊಡಿಸಿದೆ. ಅವಳು ಆ ಕಾಗದವನ್ನು ನನ್ನ ಮೇಲಿನ ನಂಬಿಕೆಯಿಂದ ಮಡಚಿಟ್ಟಳು.

ನೂರಾ ಇಪ್ಪತ್ತು ಬಸುರಿಯರಲ್ಲಿ ಒಬ್ಬಳು ಎಂಬುದು ಇನ್ನೂರಾ ಐವತ್ತರಲ್ಲಿ ಒಬ್ಬಳು ಎಂಬುದಕ್ಕಿಂತ ಹೆಚ್ಚಿನ ಅಪಾಯವೆಂದು ನನಗೆ ಯಾರು ಹೇಳಬೇಕಿತ್ತು, ಮಾನ್ಯರೇ? ಪೇಡೆಯವನೇ?

ಇಪ್ಪತ್ತೆರಡು ದಿನಗಳ ನಂತರ ಸ್ಕ್ಯಾನಿಂಗಿಗೆ ಹೋದಾಗ ಡಾಕ್ಟರು ಆ ಕಾಗದ ಬಿಚ್ಚಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದರು. "ಏನ್ ಯಜಮಾನ್ರೇ, ಇಷ್ಟ್ ದಿನ ಮಲಗಿದ್ರೇನು? ಕೂಸು ಮಂದಬುದ್ಧಿ ಆಗ್ತದ. ತೆಗಸ್ತೀರೋ ಇಟ್ಕೋತೀರೋ ಜಲ್ದಿ ಹೇಳ್ರಿ, ಟೈಮ್ ಇಲ್ಲ." ಆಗ್ತದ ಎಂದರು. ಆಗಬಹುದು ಎನ್ನಲಿಲ್ಲ. ಮಗಳು ಅಲ್ಲೇ ಮಲಗಿದ್ದಳು, ಹೊಟ್ಟೆಗೆ ಹಚ್ಚಿದ ಜೆಲ್ ಕೂಡ ಒರೆಸಿರಲಿಲ್ಲ. ಮಾತುಗಳೆಲ್ಲ ಅವಳ ಮೈಮೇಲಿಂದ ಹಾದು ನನ್ನ ಕಡೆಗೇ ಬರುತ್ತಿದ್ದವು. ಆ ಕೋಣೆಯ ಗೋಡೆಗೆ ದೊಡ್ಡದೊಂದು ಬೋರ್ಡಿದೆ: ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ. ಬಹಳ ಒಳ್ಳೆಯದು, ಹೇಳಲೂಬಾರದು. ಆದರೆ ಏನನ್ನು ಹೇಳಬಾರದು ಎಂಬುದಕ್ಕೆ ಬೋರ್ಡು ಬರೆಸಿದ ಇಲಾಖೆಗೆ, ಏನನ್ನು ಹೇಳಬೇಕು, ಯಾರಿಗೆ ಹೇಳಬೇಕು ಎಂಬುದು ಇನ್ನೂ ಹೊಳೆದಿಲ್ಲವೇ?

ಕೊನೆಗೆ ಹೇಳಿದವರು ಅಳಿಯನ ಓಣಿಯ ಮಾಳಮ್ಮ. ನರ್ಸ್ ಆಗಿದ್ದವರು, ಈಗ ನಿವೃತ್ತರು. ಮಗಳು ಎರಡು ದಿನ ಉಂಡಿಲ್ಲವೆಂದು ಕೇಳಿ ಬಂದರು. ಅಡುಗೆಮನೆಯಿಂದ ಅಗಲವಾದ ಪರಾತ ತರಿಸಿ ನೂರಾ ಹತ್ತೊಂಬತ್ತು ತೊಗರಿ ಕಾಳು ಎಣಿಸಿ ಹಾಕಿದರು, ಮೇಲೊಂದು ಕಡಲೆ.

"ನೋಡು ತಂಗಿ, ನಿನ್ನಂಥಾ ವರದಿ ಬಂದ ನೂರಾ ಇಪ್ಪತ್ತ್ ಮಂದಿ ಬಸುರೇರು ಇವ್ರು. ಒಬ್ಬಾಕಿ ಕೂಸಿಗಿ ಡೌನ್ ಸಿಂಡ್ರೋಮ್ ಅಂತಾರಲ್ಲ, ಆ ತೊಂದ್ರಿ ಇರ್ತದ. ಆಕಿ ನೀನೋ ಅಲ್ಲೋ, ಈ ಕಾಗದಕ್ಕ ಗೊತ್ತಿಲ್ಲ. ಗೊತ್ತಾಗಬೇಕಂದ್ರ ಹೊಟ್ಟ್ಯಾಗ ಕೂಸಿನ ಸುತ್ತ ಇರೋ ನೀರು ತೆಗ್ದು ನೋಡ್ತಾರ. ಅದರಾಗೂ ಕೂಸಿಗಿ ಸ್ವಲ್ಪ ಅಪಾಯ ಅದ. ಮಾಡಿಸ್ಕೋಬೇಕೋ ಬ್ಯಾಡೋ ನೀನೇ ಹೇಳು."

ಮಗಳು ಕಡಲೆಯನ್ನು ಬೆರಳಿನಿಂದ ಹೊರಳಿಸುತ್ತ ಕೇಳಿದಳು, "ಅಂಥಾ ಕೂಸು ಹೆಂಗಿರ್ತಾವ್ರಿ ಅಕ್ಕೋರ?"

"ನಮ್ಮಣ್ಣನ ಮಗಳು ಚಂದ್ರಕಲಾ ಅದಾಳಲ್ಲ, ಅಕಿ ಹಂಗೇ. ಎದಿ ಆಪರೇಶನ್ ಆಗ್ಯದ. ಮಾತು ಭಾಳ ತಡಾ ಬಂತು, ಈಗ ಬಾಯಿ ಮುಚ್ಚಂಗಿಲ್ಲ. ಹಗುರ ಅಂತ ನಾ ಹೇಳಂಗಿಲ್ಲವ್ವ, ನಮ್ಮ ವೈನಿ ಭಾಳ ಸೋತಾಳ. ಆದ್ರ ಮಗಳ ಬಿಟ್ಟು ಒಂದ್ ದಿನ ಇರಂಗಿಲ್ಲ."

ಹನ್ನೆರಡು ನಿಮಿಷ ಹಿಡಿಯಿತು. ಮಾಳಮ್ಮ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಹೊರಡುವಾಗ, ಇದನ್ನು ಯಾವ ಟ್ರೇನಿಂಗಿನಲ್ಲಿ ಕಲಿಸಿದರು ಎಂದು ಕೇಳಿದೆ. "ಟ್ರೇನಿಂಗಿನಾಗ ಫಾರ್ಮ್ ತುಂಬೋದು ಕಲಿಸ್ಯಾರ್ರಿ ಕಾಕಾ. ಇದು ನಾನು ಒಬ್ಬಾಕಿಗಿ ತಪ್ಪ್ ಹೇಳಿ ಕಲ್ತದ್ದು." ಆ ಒಬ್ಬಳು ಏನಾದಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ವಿಷಯ ಬಿಟ್ಟು ಬರೆಯುತ್ತಿದ್ದೇನೆ ಎನ್ನಬೇಡಿ. ಶಿವರಂಜನಿಗಿಂತ ಮೊದಲು ನಮಗೊಂದು ಗಂಡು ಕೂಸು ಹುಟ್ಟಿ ಹನ್ನೊಂದು ದಿನ ಬದುಕಿತ್ತು. ಆಗಲೂ ಡಾಕ್ಟರು ನನ್ನನ್ನೇ ಪಡಸಾಲೆಗೆ ಕರೆದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾನು ಒಳಗೆ ಬಂದು ಹೆಂಡತಿಗೆ "ದೇವರಿಚ್ಛಾ" ಎಂದೆ. ಮೂವತ್ತೈದು ವರ್ಷ ಸುಮ್ಮನಿದ್ದವಳು ಕೊನೆಯ ವಾರ ಕೇಳಿದಳು: "ಅವತ್ತ್ ಡಾಕ್ಟರು ನಿಮಗೇನಂದ್ರು?" ನಾನು ಹೇಳಲಿಲ್ಲ. ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಡಾಕ್ಟರು ಅಂದ ಆ ಇಂಗ್ಲಿಷ್ ಶಬ್ದ ನನಗೆ ಅವತ್ತೇ ತಿಳಿದಿರಲಿಲ್ಲ, ಸುಮ್ಮನೆ ಗೋಣು ಹಾಕಿ ಬಂದಿದ್ದೆ.

ಶಿವರಂಜನಿ ಪರೀಕ್ಷೆ ಬೇಕೆಂದಳು. ಕಲಬುರಗಿಯಲ್ಲಿ ಹೊಟ್ಟೆಯ ನೀರು ತೆಗೆದಿದ್ದಾರೆ. ಬರುವ ಮಂಗಳವಾರ ಅದರ ವರದಿ ನಿಮ್ಮ ಆಸ್ಪತ್ರೆಗೇ ಬರುತ್ತದೆ. ನಾವು ಕಳೆದ ದಿನಗಳಿಂದಾಗಿ, ಏನೇ ಬರಲಿ, ಯೋಚಿಸಲು ಅವಳಿಗೆ ಉಳಿದಿರುವುದು ಕೆಲವೇ ದಿನ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳಲ್ಲಿ ಬಸುರಿಯನ್ನು ಕೂರಿಸಿಕೊಂಡು ಹನ್ನೆರಡು ನಿಮಿಷ ಮಾತಾಡಲು ಬರುವ ಒಬ್ಬೊಬ್ಬರನ್ನಾದರೂ ತಯಾರು ಮಾಡಿ. ರಕ್ತ ತೆಗೆಯುವ ಮೊದಲೇ ಹೇಳುವವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ತೀರ್ಮಾನವನ್ನು ಅವಳಿಗೇ ಬಿಡುವವರು. ಕಲಿಸಲು ಯಾರೂ ಇಲ್ಲವೆಂದರೆ ಮಾಳಮ್ಮನವರ ಮನೆ ನಾನು ತೋರಿಸುತ್ತೇನೆ.

ಅದಕ್ಕೆಲ್ಲ ನಿಮಗೆ ಸಮಯ ಬೇಕು, ಬಲ್ಲೆ. ಮಂಗಳವಾರಕ್ಕೆ ಮಾತ್ರ ಸಮಯವಿಲ್ಲ. ಅಂದು ಅವಳನ್ನು ಒಳಗೆ ಕರೆಯಿರಿ. ಕುರ್ಚಿ ಕೊಡಿ. ಬಾಗಿಲು ಹಾಕಿ. ಕಾಗದವನ್ನು ಅವಳ ಕೈಗೆ ಕೊಡಿ, ಕನ್ನಡದಲ್ಲಿ ಹೇಳಿ. ಅಳಿಯ ರಜೆ ಹಾಕಿದ್ದಾನೆ. ಅವನು ಒಳಗಿರಬೇಕೋ ಬೇಡವೋ ಎಂದು ಅವಳನ್ನೇ ಕೇಳಿ. ನನಗೆ ಅವಳು ಆಗಲೇ ಹೇಳಿದ್ದಾಳೆ: "ಅಪ್ಪಾ, ನೀ ಬಾ. ಒಳಗ ಬರಬ್ಯಾಡ."

ದೊಡ್ಡೋರು ಯಾರು ಬಂದೀರಿ ಎಂದು ಯಾರಾದರೂ ಕೂಗಿದರೆ, ಈ ಸಲ ನಾನು ಏಳುವುದಿಲ್ಲ.

ಇಂತಿ,
'ಒಬೀಡಿಯಂಟ್ಲಿ' ಎಂದು ಬರೆಯಲು ಮನಸ್ಸಾಗದ,
ಹೊರಗಿನ ಬೆಂಚಿನ ಮೇಲಿರುವ
ಅಂಬಾರಾಯ
ಸೇಡಂ